ಮೊಂತೆ ಕಸ್ಸೀನೊ ಮಠದಲ್ಲಿ ಅಂದು ಯಾರಿದ್ದರು?

ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಹೇಳುವ ಹಳೆಯ ಗ್ರಂಥವೊಂದನ್ನು ತೆರೆದರೆ, ಇಟಲಿಯ ಅಧ್ಯಾಯದಲ್ಲಿ ನಿಮಗೆ ಇಂಥದೊಂದು ಹೇಳಿಕೆ ಸಿಕ್ಕೀತು: ಜರ್ಮನರು ಕೋಟೆಯನ್ನಾಗಿ ಮಾಡಿಕೊಂಡಿದ್ದ ಮೊಂತೆ ಕಸ್ಸೀನೊ ಮಠವನ್ನು ಮಿತ್ರರಾಷ್ಟ್ರಗಳ ವಿಮಾನಗಳು 1944ರ ಫೆಬ್ರವರಿ 15ರಂದು ನೆಲಸಮ ಮಾಡಿದವು. ಈ ವಾಕ್ಯದ ಉತ್ತರಾರ್ಧವನ್ನು ಯಾರೂ ಅಲ್ಲಗಳೆದಿಲ್ಲ. ತಕರಾರಿರುವುದು ಪೂರ್ವಾರ್ಧದ ಬಗ್ಗೆ. ಅಂದು ಬೆಳಿಗ್ಗೆ ಆ ಮಠದೊಳಗೆ ನಿಜವಾಗಿ ಯಾರಿದ್ದರು?

ಸಂತ ಬೆನೆದಿಕ್ತರು ಸುಮಾರು 529ರಲ್ಲಿ ಸ್ಥಾಪಿಸಿದ ಮಠ ಅದು. ಪಾಶ್ಚಾತ್ಯ ಸನ್ಯಾಸ ಜೀವನಕ್ಕೆ ತವರು. ಅಕ್ವಿನಾದ ಸಂತ ತೋಮಾಸರು ಬಾಲ್ಯದಲ್ಲಿ ಅಕ್ಷರ ಕಲಿತದ್ದು ಅಲ್ಲಿ. ಲೊಂಬಾರ್ಡರು, ಸಾರಸೆನರು, 1349ರ ಭೂಕಂಪ ಹೀಗೆ ಮೂರು ಬಾರಿ ಹಾಳಾಗಿ ಮೂರು ಬಾರಿಯೂ ಎದ್ದು ನಿಂತಿತ್ತು. ದುರದೃಷ್ಟವಶಾತ್ ಅದು ನಿಂತಿದ್ದ ಬೆಟ್ಟ ರೋಮಿಗೆ ಹೋಗುವ ಹೆದ್ದಾರಿಯನ್ನು ಕಾಯುವಂತಿತ್ತು. ಜರ್ಮನರ ಗುಸ್ತಾವ್ ರಕ್ಷಣಾರೇಖೆ ಅದೇ ಬೆಟ್ಟಸಾಲಿನ ಮೇಲೆ ಹಾದುಹೋಗಿತ್ತು. ಕಣಿವೆಯಲ್ಲಿ ಕೆಸರು ತುಳಿಯುತ್ತಿದ್ದ ಪ್ರತಿಯೊಬ್ಬ ಸೈನಿಕನಿಗೂ ಆ ಕಿಟಕಿಗಳ ಸಾಲು ತನ್ನನ್ನೇ ದಿಟ್ಟಿಸುತ್ತಿರುವಂತೆ ತೋರುತ್ತಿತ್ತು. ಈ ಭಾವನೆಯನ್ನು ಮರೆತರೆ ಮುಂದಿನ ಯಾವ ಬರಹವೂ ನಮಗೆ ಅರ್ಥವಾಗದು.

ಈಗ ಸಾಕ್ಷಿಗಳತ್ತ ಬನ್ನಿ. ದಾಳಿಗೆ ಮುಂಚೆ ಅಮೆರಿಕದ ಇಬ್ಬರು ಹಿರಿಯ ಸೇನಾನಿಗಳಾದ ಈಕರ್ ಮತ್ತು ಡೆವರ್ಸ್ ಚಿಕ್ಕ ವಿಮಾನವೊಂದರಲ್ಲಿ ಮಠದ ಮೇಲೆ ಹಾರಿದರು. ಒಳಗೆ ಸೈನಿಕರನ್ನೂ ರೇಡಿಯೊ ಕಂಬವನ್ನೂ ಕಂಡೆವೆಂಬ ವರದಿ ಬಂತು. ಅದೇ ದಿನಗಳಲ್ಲಿ ಅದೇ ಸೈನ್ಯದ ಇನ್ನೊಬ್ಬ ಸೇನಾನಿ ಜೆಫ್ರಿ ಕೀಸ್ ಹಲವು ಬಾರಿ ಅದೇ ಗೋಡೆಗಳ ಮೇಲೆ ಹಾರಿ, ಯಾವ ಜರ್ಮನನನ್ನೂ ಕಾಣಲಿಲ್ಲವೆಂದು ತಿಳಿಸಿದ್ದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಗೋಡೆಯಿಂದ ಕೆಲವೇ ನೂರು ಗಜ ದೂರದಲ್ಲಿ ಜರ್ಮನರ ಕಾವಲುನೆಲೆಗಳಿದ್ದವು. ವೇಗವಾಗಿ ಹಾರುವ ವಿಮಾನದಿಂದ ಒಳಗು ಯಾವುದು, ಹೊರಗು ಯಾವುದು ಎಂದು ನಿರ್ಧರಿಸುವುದು ಸುಲಭವಲ್ಲ. ಒಂದೇ ಒಂದು ಸಲ ನೋಡಿದವನ ಮಾತಿಗಿಂತ ಮತ್ತೆ ಮತ್ತೆ ನೋಡಿದವನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮಠಾಧಿಪತಿ ಗ್ರೆಗೋರಿಯೊ ದಿಯಾಮಾರೆ ಎಂಬತ್ತರ ಅಂಚಿನಲ್ಲಿದ್ದ ವೃದ್ಧರು. ಮಠದೊಳಗೆ ಜರ್ಮನ್ ಸೈನಿಕರಿರಲಿಲ್ಲವೆಂದು ಅವರು ಬರೆದು ಸಹಿ ಮಾಡಿದರು. ನಾವು ಕ್ರೈಸ್ತರಾದ್ದರಿಂದ ಮಠಾಧಿಪತಿಗಳ ಮಾತನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವ ಮನಸ್ಸು ನಮಗಾಗುತ್ತದೆ. ಸ್ವಲ್ಪ ತಾಳಿ. ಆ ಸಹಿ ಬಿದ್ದಾಗ ಅವರು ಜರ್ಮನರ ವಶದಲ್ಲಿದ್ದರು. ಅವರ ದಣಿದ ದನಿಯನ್ನು ಜರ್ಮನರು ರೇಡಿಯೊದಲ್ಲಿ ಪ್ರಚಾರಕ್ಕೆ ಬಳಸಿಕೊಂಡರು. ಶತ್ರುವಿನ ಕೈಯಲ್ಲಿರುವವರ ಹೇಳಿಕೆ ನಿಜವಿದ್ದರೂ ಅದೊಂದೇ ಸಾಕಾಗದು.

ಸಾಕಾಗುವಂತೆ ಮಾಡಿದ್ದು ಬೇರೊಂದು ಬರಹ. ಮಠದ ಇಬ್ಬರು ಸನ್ಯಾಸಿಗಳು, ಯೂಸೇಬಿಯೊ ಗ್ರೊಸೆತ್ತಿ ಮತ್ತು ಮಾರ್ತಿನೊ ಮಾತ್ರೊನೋಲಾ, ಆ ತಿಂಗಳುಗಳಲ್ಲಿ ದಿನಚರಿ ಬರೆಯುತ್ತಿದ್ದರು. ಯಾರು ಬಂದರು, ಯಾರು ಹೋದರು, ಆಶ್ರಯ ಬೇಡಿದ ಹಳ್ಳಿಗರ ಪಾಡೇನು, ಶೆಲ್ಲುಗಳು ಎಲ್ಲಿ ಬಿದ್ದವು ಎಂಬುದೆಲ್ಲ ಅದರಲ್ಲಿದೆ. ಗ್ರೊಸೆತ್ತಿಯವರು ದಾಳಿಗೆ ಕೆಲವೇ ದಿನ ಮುಂಚೆ ಕಾಯಿಲೆಯಿಂದ ತೀರಿಕೊಂಡರು. ಮಾತ್ರೊನೋಲಾ ಬರಹವನ್ನು ಮುಂದುವರಿಸಿದರು. ಯಾರನ್ನೂ ಒಪ್ಪಿಸುವ ಉದ್ದೇಶವಿಲ್ಲದೆ, ಮುಂದೇನಾಗುವುದೆಂಬ ಅರಿವೂ ಇಲ್ಲದೆ, ಆಯಾ ದಿನವೇ ಬರೆದಿಟ್ಟ ಆ ಪುಟಗಳು ಮಠಾಧಿಪತಿಗಳ ಹೇಳಿಕೆಯೊಂದಿಗೆ ಹೊಂದಿಕೊಳ್ಳುತ್ತವೆ. ಆ ವಲಯದ ಜರ್ಮನ್ ಸೇನಾಪತಿ ಫಾನ್ ಸೆಂಗರ್ ಯುದ್ಧಾನಂತರ ಬರೆದ ನೆನಪುಗಳೂ ಅದನ್ನೇ ಹೇಳುತ್ತವೆ. ಅವರು ಬೆನೆದಿಕ್ತರ ಸಭೆಯೊಂದಿಗೆ ನಂಟಿದ್ದ ಕಥೋಲಿಕರು. ಆದರೂ ಸೋತ ಸೇನಾಪತಿಯ ನೆನಪುಗಳನ್ನು ದಿನಚರಿಯ ಪಕ್ಕದಲ್ಲಿಟ್ಟೇ ಓದುವುದು ಒಳ್ಳೆಯದು.

ಇಲ್ಲಿ ಒಂದು ಸ್ವಾರಸ್ಯಕರ ಕತೆಯೂ ಓಡಾಡುತ್ತಿದೆ. ಜರ್ಮನರ ರೇಡಿಯೊ ಸಂಭಾಷಣೆಯೊಂದನ್ನು ಕದ್ದು ಕೇಳಿದಾಗ ‘ಆಬ್ಟ್’ ಮಠದಲ್ಲಿದೆಯೇ ಎಂಬ ಪ್ರಶ್ನೆಯೂ, ಇದೆ ಎಂಬ ಉತ್ತರವೂ ಕೇಳಿಬಂತಂತೆ. ಜರ್ಮನ್ ಭಾಷೆಯಲ್ಲಿ ಸೈನ್ಯದ ಒಂದು ತುಕಡಿಯನ್ನು ಸೂಚಿಸುವ ಪದದ ಹ್ರಸ್ವರೂಪ ಅದು. ಮಠಾಧಿಪತಿ ಎಂಬುದಕ್ಕೂ ಅದೇ ಪದ. ತುಕಡಿಯೆಂದು ತಿಳಿದು ದಾಳಿ ಮಾಡಿದರು ಎಂದು ಹೇಳಿ ಕತೆ ಮುಗಿಸುತ್ತಾರೆ. ಬ್ರಿಟಿಷ್ ಗೂಢಚಾರ ವಿಭಾಗದ ಅಧಿಕಾರಿಯೊಬ್ಬರು ಯುದ್ಧದ ಬಳಿಕ ಇದನ್ನು ಬರೆದರು. ಸಂಭಾಷಣೆ ನಡೆದಿರಬಹುದು. ಆದರೆ ಒಂದು ಪದದ ತಪ್ಪರ್ಥದಿಂದಲೇ ಮಠ ಉರುಳಿತೆಂಬುದನ್ನು ನಂಬಬೇಡಿ. ಏಕೆಂದರೆ ನಿರ್ಧಾರ ಹೊರಟದ್ದು ಬೇರೆ ಕಡೆಯಿಂದ.

ಅದು ಹೊರಟದ್ದು ನಾಲ್ಕನೇ ಭಾರತೀಯ ಡಿವಿಜನ್ನಿನಿಂದ. ಬೆಟ್ಟ ಹತ್ತಬೇಕಾಗಿದ್ದ ರಾಜಪುತಾನಾ ರೈಫಲ್ಸ್ ಮತ್ತು ಗೂರ್ಖಾ ಪಡೆಗಳು ಈ ಡಿವಿಜನ್ನಿನವು. ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ದಳದ ಕಂಪನಿಯೊಂದೂ ಜತೆಗಿತ್ತು. ಡಿವಿಜನ್ನಿನ ಮುಖ್ಯಸ್ಥ ಫ್ರಾನ್ಸಿಸ್ ಟಕ್ಕರ್ ಮಠದ ರಚನೆಯ ಬಗ್ಗೆ ಸೈನ್ಯದಿಂದ ಮಾಹಿತಿ ಸಿಗದಿದ್ದಾಗ ನೇಪಲ್ಸಿನ ಪುಸ್ತಕದಂಗಡಿಗಳನ್ನು ಹುಡುಕಿ 1879ರ ಗ್ರಂಥವೊಂದನ್ನು ಪಡೆದರು. ಬುಡದಲ್ಲಿ ಗೋಡೆಗಳು ಹತ್ತು ಅಡಿ ದಪ್ಪವೆಂದು ತಿಳಿದದ್ದು ಅದರಿಂದ. ಆಮೇಲೆ ಅವರು ಬರೆದ ಟಿಪ್ಪಣಿಯ ತರ್ಕ ಇಷ್ಟೇ: ಶತ್ರು ಇಂದು ಒಳಗಿರಲಿ ಇಲ್ಲದಿರಲಿ, ಯುದ್ಧ ಬಿಸಿಯೇರಿದಾಗ ಅದರೊಳಗೆ ಸೇರುವುದು ಖಚಿತ, ಆದ್ದರಿಂದ ಮೊದಲೇ ಅದನ್ನು ಕೆಡವಬೇಕು. ಮೇಲಧಿಕಾರಿ ಫ್ರೈಬರ್ಗ್ ಒತ್ತಾಯಿಸಿದರು, ಕ್ಲಾರ್ಕ್ ಮನಸ್ಸಿಲ್ಲದೆಯೂ ಮಣಿದರು, ಅಲೆಗ್ಸಾಂಡರ್ ಒಪ್ಪಿದರು. ಟಕ್ಕರರ ವಾದವನ್ನು ನಾವು ಒಪ್ಪದಿರಬಹುದು; ಅದು ಪ್ರಾಮಾಣಿಕವಾದದ್ದಂತೂ ಹೌದು. ‘ಜರ್ಮನರು ಒಳಗಿದ್ದರು’ ಎಂಬ ಮಾತು ಲೋಕಕ್ಕೆ ಕೊಟ್ಟ ಕಾರಣ. ಸೇನಾನಿಗಳ ಕಾಗದಪತ್ರದಲ್ಲಿರುವ ಕಾರಣ ಅದಲ್ಲ.

ಫೆಬ್ರವರಿ 14ರಂದು ಕರಪತ್ರಗಳು ಬಿದ್ದವು. ಮರುದಿನ ಒಂಬತ್ತೂವರೆಯ ಸುಮಾರಿಗೆ ಬಾಂಬುಗಳು. ಬಂದ ವಿಮಾನಗಳ ಸಂಖ್ಯೆಯಲ್ಲಿ ಹೆಚ್ಚು ಜಗಳವಿಲ್ಲ: 142 ಭಾರಿ ವಿಮಾನಗಳು, 87 ಮಧ್ಯಮ ವಿಮಾನಗಳು, ಒಟ್ಟು 229. ಬಿದ್ದ ಬಾಂಬುಗಳ ತೂಕದಲ್ಲಿ ನೋಡಿ, ಹಲವು ಜನಪ್ರಿಯ ಪುಸ್ತಕಗಳು 1,150 ಟನ್ ಎನ್ನುತ್ತವೆ. ಅಮೆರಿಕದ ವಾಯುಪಡೆಯ ಅಧಿಕೃತ ಚರಿತ್ರೆ ವಿಮಾನದ ಬಗೆಗೆ ತಕ್ಕಂತೆ ಬಿಡಿಬಿಡಿಯಾಗಿ ಕೊಡುವ ಲೆಕ್ಕವನ್ನು ಕೂಡಿಸಿದರೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಬಿಡಿಲೆಕ್ಕ ಕೊಡುವ ಪುಸ್ತಕವನ್ನು ನಂಬುವುದು ಸರಿಯೆಂದು ನನಗೆ ತೋರುತ್ತದೆ. ಸತ್ತವರ ಸಂಖ್ಯೆಗೆ ಅಂಥ ಬಿಡಿಲೆಕ್ಕವಿಲ್ಲ. 230 ಎಂದು ಅನೇಕರು ಬರೆಯುತ್ತಾರೆ. ಆಶ್ರಯಕ್ಕೆ ಬಂದ ರೈತರ, ಹೆಂಗಸರ, ಮಕ್ಕಳ ಹೆಸರುಗಳನ್ನು ಬಾಗಿಲಲ್ಲಿ ಯಾರು ಬರೆದುಕೊಂಡರು? ಒಳಗೆ ಸತ್ತವರಲ್ಲಿ ಜರ್ಮನ್ ಸೈನಿಕರಿರಲಿಲ್ಲ ಎಂಬುದು ಮಾತ್ರ ಸ್ಪಷ್ಟ.

ಸಮೀಪದಲ್ಲೇ ಇದ್ದ ಭಾರತೀಯ ಸೈನಿಕರಿಗೂ ಪೆಟ್ಟು ಬಿತ್ತು. ಅವರ ಬ್ರಿಗೇಡಿಗೆ ದಾಳಿಯ ಸುದ್ದಿ ಮುಟ್ಟಿದ್ದು ಹದಿನೈದು ನಿಮಿಷ ಮುಂಚೆ. ಕೂಡಲೇ ಮೇಲೇರಲು ಅವರು ಸಿದ್ಧರಿರಲಿಲ್ಲ. ಅಷ್ಟರಲ್ಲಿ ಜರ್ಮನರು ಅವಶೇಷಗಳೊಳಗೆ ನುಗ್ಗಿ ನೆಲೆಯೂರಿದರು. ಕಲ್ಲಿನ ರಾಶಿ ಅವರಿಗೆ ಕಟ್ಟಡಕ್ಕಿಂತ ಒಳ್ಳೆಯ ಕೋಟೆಯಾಯಿತು. ಪೋಲಿಷ್ ಸೈನಿಕರು ಅದನ್ನು ಏರಿದ್ದು ಮೇ 18ರಂದು. ಹಳೆಯ ಪುಸ್ತಕದ ಆ ವಾಕ್ಯ ಎಲ್ಲಿಂದ ಬಂದಿರಬಹುದೆಂಬುದು ನಿಮಗೀಗ ಹೊಳೆದಿರಬಹುದು. ಬಾಂಬಿನ ನಂತರದ ನಿಜ, ಬಾಂಬಿಗೆ ಮುಂಚಿನ ನಿಜವಾಗಿ ಅಚ್ಚಾಗಿಬಿಟ್ಟಿದೆ.

ತಿದ್ದುಪಡಿಗೆ ಕಾಲ ಹಿಡಿಯಿತು. ಜರ್ಮನರು ಮಠವನ್ನು ಬಳಸುತ್ತಿದ್ದರೆಂದು ಅಧ್ಯಕ್ಷ ರೂಸ್ವೆಲ್ಟರು ದಾಳಿಯ ದಿನವೇ ಪತ್ರಕರ್ತರಿಗೆ ಹೇಳಿದ್ದರು. ಕ್ಲಾರ್ಕ್ 1950ರ ತಮ್ಮ ಆತ್ಮಕಥನದಲ್ಲಿ ದಾಳಿ ತಪ್ಪೆಂದು ಬರೆದರು. ಅಮೆರಿಕದ ಸೈನ್ಯದ ಕಡತ ಮೊದಲು ‘ನಿರಾಕರಿಸಲಾಗದ ಸಾಕ್ಷ್ಯ’ದ ಮಾತಾಡಿ, ಆಮೇಲೆ ಚಿಕ್ಕ ಪೊಲೀಸ್ ತುಕಡಿಯೊಂದರ ಹೊರತು ಯಾರೂ ಇದ್ದಂತಿಲ್ಲ ಎನ್ನುವಷ್ಟಕ್ಕೆ ಇಳಿದು, ಕೊನೆಗೆ 1969ರಲ್ಲಿ ಮಠದಲ್ಲಿ ಜರ್ಮನ್ ಸೈನಿಕರಿರಲಿಲ್ಲವೆಂದು ಒಪ್ಪಿಕೊಂಡಿತು. ಅದಕ್ಕೆ ಐದು ವರ್ಷ ಮುಂಚೆ, 1964ರ ಅಕ್ಟೋಬರ್ 24ರಂದು, ಪೋಪ್ ಆರನೇ ಪೌಲರು ಮರಳಿ ಕಟ್ಟಿದ ದೇವಾಲಯವನ್ನು ಪವಿತ್ರೀಕರಿಸಿದ್ದರು.

ಮಾತ್ರೊನೋಲಾ ಮುಂದೆ ಅದೇ ಮಠದ ಅಧಿಪತಿಗಳಾದರು. ಆ ದಿನಚರಿ ಪುಸ್ತಕವಾಗಿ ಹೊರಬಂದದ್ದು 1980ರಲ್ಲಿ. ಫ್ರೈಬರ್ಗ್, ಟಕ್ಕರ್, ಅಲೆಗ್ಸಾಂಡರ್ ಮೂವರೂ ಆ ವೇಳೆಗೆ ತೀರಿಕೊಂಡಿದ್ದರು.