ಕುದುರೆಗೆ ಕಟ್ಟಬಹುದು, ಎಲೆಗೆ ಕಟ್ಟಬಾರದು, ಯಾಕೆ?

ಮೈಸೂರಿಗೆ ಹೋದಾಗ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ನೀವೂ ನೋಡಿರುತ್ತೀರಿ. ಮೈಸೂರು ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ಅರಳಿಕಟ್ಟೆಯಲ್ಲಿ ದುಡ್ಡಿಟ್ಟು ಇಸ್ಪೀಟಾಡಿದರೆ ಪೊಲೀಸರು ಬರುತ್ತಾರೆ. ಅಲ್ಲಿ ಮಾತ್ರ ರಾಜಾರೋಷವಾಗಿ ಬಾಜಿ ಕಟ್ಟಬಹುದು. ಯಾಕೆ ಅಂತ ನಮ್ಮೂರಿನವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ.

ಉತ್ತರ ರೇಸ್ ಬುಕ್ಕಿನಲ್ಲಿದೆ. ಕುದುರೆಯ ತಂದೆ-ತಾಯಿ, ಹೊರುವ ತೂಕ, ಜಾಕಿ, ಹಿಂದಿನ ಓಟಗಳು ಎಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ಇದನ್ನು ಓದಿ ಲೆಕ್ಕ ಹಾಕುವುದು ಜಾಣ್ಮೆ, ಬರೀ ಅದೃಷ್ಟವಲ್ಲ ಎಂದು 1996ರಲ್ಲಿ ಮದ್ರಾಸ್ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾಣರೂ ಬರಿಗೈಲಿ ಮನೆಗೆ ಬರುವುದುಂಟು, ಅದು ಬೇರೆ ಮಾತು.

ಯಾರು ಗೆಲ್ಲಬಹುದು ಅಂತ ಬರೆಯುವುದು ನಮ್ಮ ಪತ್ರಿಕೆಯವರ ಹಳೇ ಕಸುಬು. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಹುಟ್ಟಿದ್ದೇ 1903ರಲ್ಲಿ, ಒಂದು ಪತ್ರಿಕೆಯ ಮಾರಾಟ ಹೆಚ್ಚಿಸಲು. ಆರು ಹಂತ, 2,428 ಕಿ.ಮೀ.; 60 ಜನ ಹೊರಟು ಮುಗಿಸಿದವರು 21.

ಈಗ ಅಂಥ ದೂರದ ರೇಸಿಗೂ ಬಾಜಿ ಕಟ್ಟಿ ಅಂತ ಫೋನಿಗೆ ಲಿಂಕ್ ಬರುತ್ತದೆ. 2025ರ ಕೇಂದ್ರ ಕಾಯ್ದೆ ಮಾತ್ರ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು, ಜಾಣ್ಮೆಯದಿರಲಿ ಅದೃಷ್ಟದ್ದಿರಲಿ, ನಿಷೇಧಿಸಿದೆ.