ಮುಚ್ಚದ ನಾಳ: ಒಂದು ಕಾರಣಶೋಧನೆಯ ಚರಿತ್ರೆ

ಗರ್ಭಸ್ಥ ಶಿಶುವು ತಾನಾಗಿ ಉಸಿರಾಡುವುದಿಲ್ಲ. ಆದುದರಿಂದ ಫುಪ್ಪುಸಧಮನಿಯ ರಕ್ತದ ಬಹುಭಾಗವು ಶ್ವಾಸಕೋಶಗಳನ್ನು ಬಳಸಿ, ಒಂದು ಕಿರುನಾಳದ ಮೂಲಕ ಮಹಾಧಮನಿಯನ್ನು ಸೇರುತ್ತದೆ. ತಿಂಗಳು ತುಂಬಿ ಜನಿಸಿದ ಆರೋಗ್ಯವಂತ ಶಿಶುವಿನಲ್ಲಿ ಈ ನಾಳವು ಸಾಮಾನ್ಯವಾಗಿ ಮೂರು ದಿನಗಳೊಳಗೆ ಬಿಗಿದು ಮುಚ್ಚುತ್ತದೆ. ಕೆಲವರಲ್ಲಿ ಮುಚ್ಚದೆ ಉಳಿದು ಹೃದಯಕ್ಕೆ ಹೊರೆಯಾಗುತ್ತದೆ. ಹೀಗೇಕೆ?

2ನೆಯ ಶತಮಾನದ ಗೇಲನ್ ಈ ನಾಳವನ್ನು ಬಲ್ಲವನಾಗಿದ್ದನು. 1628ರಲ್ಲಿ ಹಾರ್ವೆ ಅದರ ಕಾರ್ಯವನ್ನು ವಿವರಿಸಿದನು. ಆದರೂ ಅದಕ್ಕೆ ಅಂಟಿದ್ದು ಇಟಲಿಯ ಬೊಟಾಲೋನ ಹೆಸರು. ಅವನು ವರ್ಣಿಸಿದ್ದಾದರೋ ಹೃದಯದ ಮೇಲ್ಕೋಣೆಗಳ ನಡುವಣ ರಂಧ್ರವನ್ನು. ಒಬ್ಬರ ಜಮೆ ಮತ್ತೊಬ್ಬರ ಖಾತೆಗೆ ಸೇರುವುದು ಬ್ಯಾಂಕುಗಳಲ್ಲಿ ಮಾತ್ರವಲ್ಲ! 1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಏಳು ವರ್ಷದ ಬಾಲಕಿಯ ನಾಳವನ್ನು ಕಟ್ಟಿ ಮುಚ್ಚಿದರು. ಚಿಕಿತ್ಸೆ ದೊರೆಯಿತು; ಕಾರಣ ಮಾತ್ರ ಗೂಢವಾಗಿಯೇ ಇದ್ದಿತು.

ಮೊದಲ ದೊಡ್ಡ ಸುಳಿವು ಬಂದುದು ಕಣ್ಣಿನ ವೈದ್ಯರೊಬ್ಬರಿಂದ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಹುಟ್ಟುಪೊರೆಯುಳ್ಳ ಶಿಶುಗಳ ತಾಯಂದಿರ ಮಾತನ್ನು ಅಲಕ್ಷಿಸಲಿಲ್ಲ. 1941ರಲ್ಲಿ ಅವರು ವರದಿಮಾಡಿದ 78 ಶಿಶುಗಳ ಪೈಕಿ 68ರ ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ, ಅಂದರೆ ಜರ್ಮನ್ ದಡಾರ, ತಗಲಿದ್ದಿತು. ಹಲವು ಶಿಶುಗಳ ಹೃದಯವೂ ದೋಷಯುಕ್ತವಾಗಿದ್ದಿತು. ಮುಚ್ಚದ ನಾಳವು ಈ ಸೋಂಕಿನ ಪ್ರಧಾನ ಹೃದಯದೋಷಗಳಲ್ಲಿ ಒಂದೆಂದು ಮುಂದೆ ಸ್ಥಿರಪಟ್ಟಿತು.

ಎರಡನೆಯ ಸುಳಿವು ಪೆರು ದೇಶದ ಬೆಟ್ಟಗಳದು. ಅತ್ಯುನ್ನತ ಪ್ರದೇಶಗಳಲ್ಲಿ ಜನಿಸಿದವರಲ್ಲಿ ಈ ದೋಷವು ಹೆಚ್ಚೆಂದು 1953ರಲ್ಲಿ ಅಲ್ಲಿಯ ವೈದ್ಯರು ಗಮನ ಸೆಳೆದರು. ನಾಳವನ್ನು ಬಿಗಿಸುವುದು ರಕ್ತದಲ್ಲಿ ಏರುವ ಆಮ್ಲಜನಕವಾದುದರಿಂದ, ತೆಳುಗಾಳಿಯ ನಾಡಿನಲ್ಲಿ ಆ ಕೆಲಸ ಕುಂಠಿತವಾಗುವುದು ಸಹಜವೇ. ಹುಟ್ಟುವಾಗ ಉಸಿರುಗಟ್ಟಿದ ಶಿಶುವಿನಲ್ಲಿ ತಡವಾಗುವುದಕ್ಕೂ ಇದೇ ನ್ಯಾಯ.

1970ರ ದಶಕದಲ್ಲಿ ನಾಳವನ್ನು ತೆರೆದಿಡುವ ಪ್ರೋಸ್ಟಗ್ಲ್ಯಾಂಡಿನ್ ದ್ರವ್ಯದ ಪಾತ್ರ ತಿಳಿಯಿತು. ಅದನ್ನು ತಡೆಯುವ ಇಂಡೊಮೆಥಾಸಿನ್ ಔಷಧವು ದಿನ ತುಂಬದ ಶಿಶುಗಳಲ್ಲಿ ಫಲಿಸಿದರೂ ದಿನ ತುಂಬಿದವರಲ್ಲಿ ಅಷ್ಟಾಗಿ ಫಲಿಸಲಿಲ್ಲ. ಮೊದಲನೆಯವರಲ್ಲಿ ಕೊರತೆ ಪಕ್ವತೆಯದು. ಎರಡನೆಯವರಲ್ಲಿ ಅನೇಕವೇಳೆ ನಾಳದ ಗೋಡೆಯ ರಚನೆಯದೇ. ಈ ದೋಷ ಹೆಣ್ಣುಶಿಶುಗಳಲ್ಲಿ ಸುಮಾರು ಇಮ್ಮಡಿ. ಡೌನ್ ಲಕ್ಷಣಕೂಟವುಳ್ಳವರಲ್ಲಿಯೂ ಅಧಿಕ.

ಇವುಗಳಲ್ಲಿ ಲಿಂಗ, ವಂಶಧಾತುಗಳು ನಮ್ಮ ಕೈಯಲ್ಲಿಲ್ಲ, ರುಬೆಲ್ಲಾ ಇದೆ. ಬಸಿರಿಗೆ ಮುನ್ನವೇ ಹಾಕಿಸಿದ ಲಸಿಕೆಯಿಂದ ಅದನ್ನು ತಡೆಯಬಹುದು. 2017ರ ಫೆಬ್ರವರಿಯಲ್ಲಿ ಭಾರತದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನವು ಬೆಂಗಳೂರಿನಿಂದಲೇ ಆರಂಭವಾಯಿತು. ಸಿಡ್ನಿಯ ತಾಯಂದಿರ ಮಾತನ್ನು ಒಬ್ಬ ವೈದ್ಯರು ಕಿವಿಗೊಟ್ಟು ಕೇಳಿದುದರ ಫಲ ನಮ್ಮ ನಾಡಿನ ಶಾಲೆಯ ಮಕ್ಕಳ ತೋಳಿನವರೆಗೆ ಬಂದು ಮುಟ್ಟಿತು.