ಫ್ಲಶ್ ಒತ್ತಿದ ಮೇಲೆ: ಕೊಳಚೆ ತೊಳೆಯುವ ಪಾಚಿ ಮತ್ತು ಅದು ಕೇಳುವ ಜಾಗ

ವಿದ್ಯಾನಗರದ ನಮ್ಮ ಮನೆಯಲ್ಲಿ ಫ್ಲಶ್ ಒತ್ತಿದ ನೀರು ಎಲ್ಲಿಗೆ ಹೋಗುತ್ತೆ? ‘ಒಳಚರಂಡಿಗೆ’ ಅನ್ನೋದು ಅರ್ಧ ಉತ್ತರ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80ರಷ್ಟು ಕೊಳಚೆ ಅನ್ನೋದು ಎಂಜಿನಿಯರುಗಳ ರೂಢಿಯ ಲೆಕ್ಕ. ಗುಣಿಸಿದರೆ ಸುಮಾರು 4.7 ಕೋಟಿ ಲೀಟರ್, ಅದೂ ಹಳೇ ಜನಸಂಖ್ಯೆಗೆ! ಇಲ್ಲಿನ ಹಳ್ಳಗಳು ಕೊನೆಗೆ ಸೇರೋದು ತುಂಗಭದ್ರೆಯನ್ನೇ. ಶಿವಮೊಗ್ಗ, ಭದ್ರಾವತಿ, ಹರಿಹರದ ಜೊತೆ ದಾವಣಗೆರೆಯೂ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಸೇರಿದ್ದು ಈ ನದಿಗಾಗಿ.

ಇಷ್ಟು ನೀರನ್ನ ತೊಳೆಯೋಕೆ ದೊಡ್ಡ ಯಂತ್ರಗಳೇ ಬೇಕು ಅಂತೇನಿಲ್ಲ. ಸಾಲಾಗಿ ಹೊಂಡ ತೋಡಿ, ನೀರನ್ನ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹರಿಸೋ ಹಳೇ ಪದ್ಧತಿ ಇದೆ. ಮೊದಲನೇದು ಮೂರ್ನಾಲ್ಕು ಮೀಟರ್ ಆಳ. ಅಲ್ಲಿ ಆಮ್ಲಜನಕವೇ ಇಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಹೊಲಸನ್ನ ಕರಗಿಸಿ ಮೀಥೇನ್ ಬಿಡುತ್ತವೆ. ನಮ್ಮಂಥ ಬಿಸಿಲೂರಲ್ಲಿ ಅರ್ಧದಷ್ಟು ಕೊಳೆ ಇಲ್ಲೇ ಕಡಿಮೆಯಾಗುತ್ತೆ. ಎರಡನೇದು ಒಂದೂವರೆ ಮೀಟರ್ ಆಳದ ಹಸಿರು ಹೊಂಡ. ನಿಜವಾದ ಮಜಾ ಇರೋದು ಇಲ್ಲೇ ನೋಡಿ. ಬಿಸಿಲಿಗೆ ಪಾಚಿ ಆಮ್ಲಜನಕ ಮಾಡುತ್ತೆ, ಆ ಆಮ್ಲಜನಕದಿಂದ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತೆ, ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಮತ್ತೆ ಪಾಚಿಗೆ ಊಟ. ಮಧ್ಯಾಹ್ನದ ಹೊತ್ತಿಗೆ ಪಾಚಿ ಅದನ್ನ ಎಷ್ಟು ಹೀರುತ್ತೆ ಅಂದ್ರೆ ನೀರಿನ ಪಿಎಚ್ 9 ದಾಟುತ್ತೆ. ಇದಕ್ಕೆ ಬಿಸಿಲೂ ಸೇರಿ, ಕಡೆಯ ತೆಳು ಹೊಂಡದಲ್ಲಿ ಮಲದ ರೋಗಾಣುಗಳು ಸಾಯುತ್ತವೆ. ಕರೆಂಟ್ ಹೋದರೂ ಕೆಲಸ ನಿಲ್ಲಲ್ಲ.

ಹಾಗಾದರೆ ಎಲ್ಲ ಊರಲ್ಲೂ ಯಾಕಿಲ್ಲ? ಜಾಗ ಸ್ವಾಮಿ, ಜಾಗ. ಹತ್ತು ಲಕ್ಷ ಲೀಟರಿಗೆ ಒಂದು ಹೆಕ್ಟೇರ್ ಅಂತ ಜಿಪುಣತನದಿಂದ ಹಿಡಿದರೂ ನಮ್ಮೂರಿಗೆ ನೂರು ಎಕರೆ ಮೀರುತ್ತೆ. ‘ನೈಸರ್ಗಿಕ’ ಅಂದ ಕೂಡಲೇ ‘ನೋಡಿಕೊಳ್ಳೋದು ಬೇಡ’ ಅಂತಲೂ ಅಲ್ಲ. ಮೊದಲ ಹೊಂಡದ ಹೂಳನ್ನ ಕೆಲವು ವರ್ಷಕ್ಕೊಮ್ಮೆ ಎತ್ತಲೇಬೇಕು. ಅಂತರಗಂಗೆ ಹರಡಿ ಬಿಸಿಲು ಮುಚ್ಚಿತೋ, ಪಾಚಿ ಸತ್ತಂತೆ. ಕಾರ್ಖಾನೆಯ ರಾಸಾಯನಿಕ ಸೇರಿದರೆ ಬ್ಯಾಕ್ಟೀರಿಯಾವೂ ಅಷ್ಟೇ.

ಜಾಗ ಕಡಿಮೆ ಇದ್ದಾಗಿನ ನಡುದಾರಿ ಬೆಂಗಳೂರಿನ ಜಕ್ಕೂರು ಕೆರೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಘಟಕವಾಗಿ ಶುರುವಾದಲ್ಲಿ ಶುದ್ಧವಾದ ನೀರು ನೇರ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾಯುತ್ತೆ. ಗಿಡ, ಪಾಚಿಗಳು ಉಳಿದ ಸಾರಜನಕ, ರಂಜಕವನ್ನ ಹೀರುತ್ತವೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನ ಅಧ್ಯಯನ ಮಾಡಿದೆ. ಬೆಳೆದ ಜೊಂಡನ್ನ ಕೊಯ್ಯದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತೆ.

ದಾವಣಗೆರೆಯ ಸುತ್ತ ಬಡಾವಣೆಗಳು ಏಳ್ತಾನೇ ಇವೆ. ಪಾರ್ಕಿಗೆ, ರಸ್ತೆಗೆ ಜಾಗ ಬಿಡಿಸಿಕೊಳ್ಳೋ ಹಾಗೆ, ಹಳ್ಳದ ಪಕ್ಕದ ತಗ್ಗು ಜಾಗವನ್ನ ಇಂಥ ಜೌಗಿಗೆ ಅಂತ ನಕ್ಷೆಯಲ್ಲೇ ಗುರುತಿಸಬೇಕು. ಒಮ್ಮೆ ಸೈಟಾಗಿ ಮಾರಿಹೋದ ಮೇಲೆ ಆ ಜಾಗ ಯಾರಿಗೂ ಸಿಗಲ್ಲ.